ಎದುರುಮನೆ ಕೊಟ್ಟಿಗೆಯ ರೆಸ್ಯೂಮು

ಜಗಲಿ ಮೇಲೆ ಕೂತು ಸೊಪ್ಪು ಬಿಡಿಸೋ ಹೆಂಗಸು ನಗೋ ವಿಷಯ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ ಕಣ್ರೀ. ಅದೇ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬರುತ್ತೆ. ನನ್ನ ಸಂಕಟ ಏನು ಅಂದರೆ, ಈಚೀಚೆಗೆ ಅದು ಬಂದು ನಿಲ್ಲೋದು ನನ್ನ ಬಾಗಿಲಲ್ಲಿ ಅಲ್ಲ, ಎದುರುಮನೆ ಬಾಗಿಲಲ್ಲಿ.

ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗಿಂದ ನಮ್ಮೆರಡು ಮನೆ ಎದುರುಬದುರು. ಆಗ ಸುತ್ತ ರಾಗಿ ಹೊಲ, ಈಗ ಸುತ್ತ ಮೂರು ಅಂತಸ್ತಿನ ಬಾಡಿಗೆ ಮನೆಗಳು. ಅವಳಿಗೆ ಕೊಟ್ಟಿಗೆ ಇತ್ತು, ನನಗೆ ಜಗಲಿ ಇತ್ತು. ಅವಳಲ್ಲಿಗೆ ಜನ ಹಾಲಿಗೆ ಬರೋರು, ನನ್ನಲ್ಲಿಗೆ ಸುದ್ದಿಗೆ ಬರೋರು. ಹಾಲು ಕರೆದ ಹೊತ್ತಿಗೆ ಮುಗಿದುಹೋಗುತ್ತೆ, ಸುದ್ದಿ ಮುಗಿಯುತ್ತಾ? ಹಾಗಾಗಿ ಜನ ಯಾವಾಗಲೂ ನನ್ನ ಕಡೆಗೇ ಜಾಸ್ತಿ. ನಾನು ಓದಿದ್ದು ಎರಡನೇ ಕ್ಲಾಸಾದರೂ, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟಿದ್ದಾರೆ ಅನ್ನೋದು ಆ ಮನೆಯವರಿಗಿಂತ ಮುಂಚೆ ನನಗೆ ಗೊತ್ತಾಗೋದು.

ಆಮೇಲೆ ಎದುರುಮನೆಯವಳು ಹಸು ಮಾರಿದಳು. ಕೊಟ್ಟಿಗೆಗೆ ಟೈಲ್ಸ್ ಹಾಕಿಸಿದಳು. ಡಿಗ್ರಿ ಓದಿದ ಸೊಸೆಯನ್ನ ಅದರೊಳಗೆ ಕೂರಿಸಿ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು ಇಟ್ಟುಬುಟ್ಟಳು. ಅಷ್ಟೇ. ಹಸು ಹೋದ ಮೇಲೂ ಜನ ಅಲ್ಲಿಗೇ ಮುತ್ತೋಕೆ ಶುರು ಮಾಡಿದರು. ನನ್ನ ಜಗಲಿ ಮೇಲೆ ಬೆಕ್ಕು ಮಲಗೋಕೆ ಶುರು ಮಾಡಿತು.

ಒಂದು ಡಬ್ಬಿ ರಸಂ

ಅಂಗಡಿ ತೆರೆದ ಹೊಸದರಲ್ಲೇ ನೋಡ್ತೀನಿ, ಹುಡುಗರು ಹುಡುಗಿಯರು ಸಾಲುಗಟ್ಟಿ ನಿಂತಿದ್ದಾರೆ. ನನ್ನ ಹೊಟ್ಟೆಯೊಳಗೆ ಯಾರೋ ಹಸಿ ಮೆಣಸಿನಕಾಯಿ ಅರೆದ ಹಾಗಾಯ್ತು. ಎದುರುಮನೆಯವಳು ಹೊಸಿಲ ಮೇಲೆ ನಿಂತು ಮದುವೆಮನೆಯವರ ಹಾಗೆ ಸೆರಗು ಸರಿಮಾಡಿಕೊಳ್ತಿದ್ದಳು.

'ಏನಮ್ಮಾ ಇಷ್ಟೊಂದು ಜನ?' ಅಂತ ಇಲ್ಲಿಂದಲೇ ಕೂಗಿದೆ.

'ನನ್ನ ಸೊಸೆ ರೆಸ್ಯೂಂ ಮಾಡಿಕೊಡ್ತಾಳೆ ಕಣಕ್ಕ. ಇಡೀ ಬೋಗಾದಿಯಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಮಾಡಲ್ವಂತೆ' ಅಂದಳು.

ನನ್ನ ಕಿವಿ ಸ್ವಲ್ಪ ಮಂದ. ನನಗೆ ಕೇಳಿಸಿದ್ದು ರಸಂ. ನಾವು ಸಾರು ಅನ್ನೋದನ್ನ ಈಗಿನ ಸೊಸೆಯರು ಹೋಟೆಲಿನವರ ಹಾಗೆ ರಸಂ ಅಂತಾರೆ, ಗೊತ್ತಲ್ಲ. ಒಂದು ಸಾರು ಕುದಿಸೋಕೆ ಇಷ್ಟು ಮೆರೆದಾಟವಾ? ನಾನು ಮಾಡೋ ಹುರುಳಿಕಾಳು ಸಾರಿಗೆ ಜನ ತಟ್ಟೆ ನೆಕ್ಕಿದ್ದಾರೆ. ನಾನು ಯಾವತ್ತಾದರೂ ಬೋರ್ಡು ಹಾಕಿದೀನಾ? ಆದರೂ ಅವಳ ಕೈರುಚಿ ಎಂಥದ್ದು ನೋಡೇಬಿಡೋಣ ಅನ್ನಿಸಿತು. ಹೇಗೂ ನೆಗಡಿ ಆಗಿತ್ತು. ಒಂದು ಸ್ಟೀಲ್ ಡಬ್ಬಿಯನ್ನ ಸೆರಗಲ್ಲಿ ಮುಚ್ಚಿಕೊಂಡು ಹೋಗಿ ಸಾಲಲ್ಲಿ ನಿಂತೆ.

ನನ್ನ ಸರದಿ ಬಂತು. ಆ ಸೊಸೆ ಕಂಪ್ಯೂಟರಿಂದ ತಲೆ ಎತ್ತದೆ, 'ಯಾರಿಗೆ?' ಅಂದಳು.

'ನನಗೇ ಕಣಮ್ಮ.'

ಈಗ ತಲೆ ಎತ್ತಿದಳು. 'ನಿಮಗಾ ಅಜ್ಜಿ! ಹೊಸದಾಗಿ ಮಾಡಬೇಕಾ, ಇಲ್ಲ ಹಳೇದು ಇದೆಯಾ?'

'ಹಳೇದು ಯಾಕವ್ವಾ, ಹೊಸದೇ ಕೊಡು.'

'ಹಳೇದಿದ್ದರೆ ಅದಕ್ಕೇ ಏನಾದರೂ ಸೇರಿಸಿ ಹೊಸದರ ಹಾಗೆ ಮಾಡಿಕೊಡ್ತೀನಿ ಅಜ್ಜಿ. ಎಲ್ಲರೂ ಹಾಗೇ ಮಾಡಿಸಿಕೊಳ್ಳೋದು. ಯಾರಿಗೂ ಗೊತ್ತಾಗಲ್ಲ.'

ನಾನು ಡಬ್ಬಿ ಎತ್ತಿಕೊಂಡು ಆಚೆ ಬಂದವಳೇ ಕ್ರಾಸಿಗೆಲ್ಲ ಕೇಳೋ ಹಾಗೆ ಸಾರಿದೆ: 'ಯಾರೂ ಅಲ್ಲಿ ಕುಡೀಬೇಡ್ರಪ್ಪೋ, ಹಳಸಿದ ರಸಂಗೆ ನೀರು ಬೆರೆಸಿ, ಬಿಸಿ ಮಾಡಿ ಕೊಡ್ತಾಳಂತೆ!'

ಕೆಲಸ ಕೇಳೋಕೆ ಹೋಗುವಾಗ ನಮ್ಮ ದೊಡ್ಡಸ್ತಿಕೆಯನ್ನ ನಾವೇ ಬರೆದುಕೊಂಡು ಹೋಗೋ ಕಾಗದಕ್ಕೆ ರೆಸ್ಯೂಮು ಅಂತಾರೆ ಅಂತ ಆಮೇಲೆ ಗೊತ್ತಾಯ್ತು. ಕ್ರಾಸೆಲ್ಲ ನಕ್ಕಿತು. ನಗಲಿ ಬಿಡಿ. ಅಲ್ಲಿ ತಯಾರಾದ ಕಾಗದಗಳನ್ನ ಆಮೇಲೆ ಎಷ್ಟೋ ನೋಡಿದೀನಿ. ನಾನು ಸಾರಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಆರು ಭಾಷೆಯ ಪಂಡಿತ

ಅಲ್ಲಿ ಏನು ನಡೆಯುತ್ತೆ ಅಂತ ಇಲ್ಲಿಂದ ಕತ್ತು ಚಾಚಿ ಚಾಚಿ ನನಗೆ ಕತ್ತು ಹಿಡಿದುಕೊಂಡಿತು. ಸರಿ, ಸೊಪ್ಪಿನ ಮೊರ ಎತ್ತಿಕೊಂಡು ಹೋಗಿ ಆ ಅಂಗಡಿ ಬೆಂಚಿನ ಮೇಲೇ ಕೂರೋಕೆ ಶುರು ಮಾಡಿದೆ. 'ನಿಮ್ಮ ಕಡೆ ನೆರಳು ಚೆನ್ನಾಗಿದೆ ಕಣಮ್ಮ' ಅಂದೆ. ಎದುರುಮನೆಯವಳು ಪೆದ್ದಿ, ನಂಬಿದಳು. ಕಾಫಿ ಬೇರೆ ಕೊಟ್ಟಳು.

ಒಂದು ದಿನ ಒಬ್ಬ ಗಾರೆ ಮೇಸ್ತ್ರಿ ಬಂದ. ಈ ಸುತ್ತಿನ ಅರ್ಧ ಮನೆ ಅವನು ಕಟ್ಟಿದ್ದೇ. ಮಂಡಿ ನೋವು ಅಂತ ಮೇಸ್ತ್ರಿ ಕೆಲಸ ಬಿಟ್ಟು, ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಹೊರಟಿದ್ದ. ಅಂಗಡಿ ಸೊಸೆ ಒಂದೊಂದೇ ಕೇಳಿಕೊಂಡು ಟೈಪ್ ಮಾಡ್ತಿದ್ದಳು.

'ಯಾವ ಯಾವ ಭಾಷೆ ಬರುತ್ತೆ ಅಣ್ಣ?'

'ಆರು ಭಾಷೆ ತಾಯಿ. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಬಂಗಾಳಿ.'

ಎದುರುಮನೆಯವಳು ನನ್ನ ಕಡೆ ತಿರುಗಿ ನೋಡಿದಳು ನೋಡಿ, ಆ ಆರೂ ಭಾಷೆ ಅವಳ ಕೊಟ್ಟಿಗೆಯಲ್ಲೇ ಕರು ಹಾಕಿದವು ಅನ್ನೋ ಹಾಗೆ.

'ಎಲ್ಲಾ ಓದೋಕೆ ಬರುತ್ತಾ?'

'ಇಲ್ಲ.'

'ಬರೆಯೋಕೆ?'

'ಎಲ್ಲಿಯ ಬರೆಯೋದು ತಾಯಿ.'

'ಹಾಗಾದರೆ ಮಾತಾಡೋಕೆ ಬರುತ್ತೆ ಅಂತ ಹಾಕಲಾ?'

'ಕನ್ನಡ ಬಿಟ್ಟರೆ ಮಾತಾಡೋಕೂ ಬರಲ್ಲ. ಆದರೆ ಕೂಲಿಯವರ ಜೊತೆ ಅಷ್ಟು ವರ್ಷ ಇದ್ದೀನಲ್ಲ, ಯಾವ ಭಾಷೇಲಿ ಬೈದರೂ ನನ್ನ ಬೈದರಾ, ನಮ್ಮಪ್ಪನ್ನ ಬೈದರಾ ಅಂತ ಕರೆಕ್ಟಾಗಿ ಹೇಳ್ತೀನಿ.'

ಬೆಂಚಿನ ಮೇಲೆ ಕೂತೋರೆಲ್ಲ ಬಿದ್ದು ಬಿದ್ದು ನಕ್ಕರು. ಅಂಗಡಿ ಸೊಸೆ ನಗಲಿಲ್ಲ, 'ಆರು ಭಾಷೆ ಅರ್ಥವಾಗುತ್ತದೆ' ಅಂತ ಹಾಕಿ ಕಳಿಸಿದಳು. ಹೋದವನಿಗೆ ಅವತ್ತೇ ಕೆಲಸ ಸಿಕ್ಕಿತು. ಅಪಾರ್ಟ್‌ಮೆಂಟಿನ ವಾಚ್‌ಮನ್ನಿಗೆ ಬೇಕಾಗಿರೋ ವಿದ್ಯೆಯೇ ಅದಂತೆ. ಅವನು ಸಂತೋಷಕ್ಕೆ ಎದುರುಮನೆಗೆ ಒಂದು ಚಿಪ್ಪು ಬಾಳೆಹಣ್ಣು ತಂದು ಕೊಟ್ಟ. ಹೊಟ್ಟೆ ಹಿಡಿದುಕೊಂಡು ಅವನ ಮಾತಿಗೆ ನಕ್ಕಿದ್ದು ನಾನು, ಹಣ್ಣು ಅವಳಿಗೆ!

ಎಲ್ಲರೂ ಈಜುಗಾರರು

ಅಂಗಡಿ ಸೊಸೆಯ ತೌರುಮನೆ ಸಿದ್ಧಾರ್ಥನಗರ. ಅವಳ ತಮ್ಮ ಓದಿದವನು, ನೀಟಾದವನು, ದಿನಾ ಈಜುಕೊಳಕ್ಕೆ ಹೋಗೋನು. ಅವನ ರೆಸ್ಯೂಮನ್ನೇ ಇವಳು ಮಾದರಿ ಅಂತ ಕಂಪ್ಯೂಟರಲ್ಲಿ ಇಟ್ಟುಕೊಂಡಿದ್ದಳು. ಬಂದವರ ಹೆಸರು, ಊರು, ಓದು ಬದಲಾಯಿಸೋದು, ಮಿಕ್ಕಿದ್ದು ಹಾಗೇ ಬಿಡೋದು. ಹೀಗಾಗಿ ನಮ್ಮ ಕ್ರಾಸಿನಲ್ಲಿ ನೀರು ಕಂಡರೆ ಹೆದರೋರೆಲ್ಲ ಈಜುಗಾರರಾದರು. ಅಷ್ಟಾಗಿದ್ದರೆ ಪರವಾಗಿರಲಿಲ್ಲ. ಆ ತಮ್ಮನಿಗೆ ಮದುವೆ ಆಗಿರಲಿಲ್ಲ. ಮಾದರಿಯಲ್ಲಿ 'ಸಿಂಗಲ್' ಅಂತ ಇತ್ತು.

ನಮ್ಮ ಪಕ್ಕದ ಬಿಲ್ಡಿಂಗಿನ ಮೇಲ್ಮನೆಯಲ್ಲಿ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡ ಈಗಿರೋ ಕೆಲಸಕ್ಕಿಂತ ಒಳ್ಳೇದು ನೋಡೋಣ ಅಂತ ರೆಸ್ಯೂಮು ಮಾಡಿಸಿ, ಓದದೇ ಮಡಚಿ ಪ್ಯಾಂಟ್ ಜೇಬಿಗೆ ಹಾಕಿದ್ದಾನೆ. ಪ್ಯಾಂಟು ಒಗೆಯೋಕೆ ಬಂತು. ಹೆಂಡತಿ ಜೇಬು ನೋಡಿದಳು. ನೋಡದೇ ಇರ್ತಾರಾ? ನಾನಾಗಿದ್ದರೂ ನೋಡ್ತಿದ್ದೆ.

ಗಂಡ ಮತ್ತೊಂದು ಪ್ರತಿ ಪ್ರಿಂಟ್ ಹಾಕಿಸೋಕೆ ಅಂಗಡಿಗೆ ಬಂದಿದ್ದ. ಇವಳು ಸೋಪಿನ ಕೈಯಲ್ಲೇ ಮೆಟ್ಟಿಲಿಳಿದು ಬಂದಳು. ನಾನು ಮೊರ ಕೆಳಗಿಟ್ಟು ಸರಿಯಾಗಿ ಕೂತುಕೊಂಡೆ.

'ಯಾರೋ ನೀನು ಸಿಂಗಲ್ಲು?' ಅಂದಳು.

'ಅಯ್ಯೋ, ಅದು ಇವರ ತಮ್ಮ ಸಿಂಗಲ್ಲು ಕಣೇ, ನಾನಲ್ಲ' ಅಂತ ಅವನು ಅಂಗಡಿ ಸೊಸೆ ಕಡೆ ಕೈ ತೋರಿಸಿದ.

'ಇವಳ ತಮ್ಮ ಸಿಂಗಲ್ ಆದರೆ ನೀನ್ಯಾಕೋ ಆದೆ? ನಾನೇನು ನಿನಗೆ ಅಡುಗೆಯವಳಾ? ಮತ್ತೆ ಇದೇನಿದು, ಈಜು? ಸ್ನಾನಕ್ಕೇ ಬಲವಂತ ಮಾಡಿ ಕಳಿಸಬೇಕು ನಿನ್ನ, ಎಲ್ಲಿ ಈಜ್ತಿದ್ದೀಯ ಹೇಳು! ಯಾರ ಜೊತೆ ಈಜ್ತಿದ್ದೀಯ?'

ಅವಳು ಅವತ್ತೇ ಬಟ್ಟೆಬರೆ ಕಟ್ಟಿಕೊಂಡು ತೌರಿಗೆ ಹೊರಟಳು. ಅವನು ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ. ಕೊನೆಗೆ 'ವಿವಾಹಿತ' ಅಂತ ದಪ್ಪಕ್ಷರದಲ್ಲಿ ಹೊಡೆಸಿ, ಹವ್ಯಾಸ ಅನ್ನೋ ಕಡೆ 'ಹೆಂಡತಿಯೊಂದಿಗೆ ಮನೆಯಲ್ಲಿರುವುದು' ಅಂತ ಹಾಕಿಸಿ, ಎರಡು ಮೊಳ ಹೂವಿನ ಜೊತೆ ತಗೊಂಡು ಹೋಗಿ ಕರೆದುಕೊಂಡು ಬಂದ. ಮಾವನ ಮನೆಗೆ ರೆಸ್ಯೂಮು ಹಿಡಿದುಕೊಂಡು ಹೋದ ಮೊದಲನೇ ಅಳಿಯ ಅವನೇ ಇರಬೇಕು.

ಇಂಥಾ ಒಳ್ಳೇ ಜಗಳ. ನನ್ನ ಜಗಲಿ ಮುಂದೆ ಆಗಿದ್ದರೆ ಹೇಗಿರೋದು! ಹೊಟ್ಟೆ ಉರಿದುಹೋಯ್ತು.

ಮುತ್ತಾತನ ಛತ್ರಿ

ಮೂಲೆಮನೆ ರಾಯರದ್ದು ಹಿಂದೆ ಅರಮನೆ ಚಾಕರಿಯಲ್ಲಿದ್ದ ವಂಶ. ಈಗ ಬೋಗಾದಿಯಲ್ಲಿ ಸೈಟು ಕೊಂಡು ಮನೆ ಕಟ್ಟಿದ್ದಾರೆ. ಆದರೆ ಮಾತಾಡುವಾಗ ಮಾತ್ರ ಕೋಟೆ ದಾಟಿ ಆಚೆ ಬರಲ್ಲ. ಮೊಮ್ಮಗನಿಗೆ ಒಂದು ಷೋರೂಮಿನಲ್ಲಿ ಕೆಲಸ ಕೇಳಬೇಕಿತ್ತು. ರಾಯರು ಶಾಲು ಹೊದ್ದುಕೊಂಡು ಕೊಟ್ಟಿಗೆಗೆ ಬಂದು ತಾವೇ ಹೇಳಿ ಬರೆಸಿದರು.

'ಅನುಭವ ಅನ್ನೋ ಕಡೆ ಹಾಕಮ್ಮ. ನಮ್ಮ ಮುತ್ತಾತನವರು ದರ್ಬಾರಿನಲ್ಲಿ ಛತ್ರಿ ಹಿಡೀತಿದ್ದರು. ಬೆಳ್ಳಿ ಹಿಡಿಯ ಛತ್ರಿ. ಅವರ ತಮ್ಮನವರು ದೀವಟಿಗೆ ಉಸ್ತುವಾರಿ.'

ಮೊಮ್ಮಗ ಪಾಪ ಅದನ್ನೇ ತಗೊಂಡು ಹೋದ. ಷೋರೂಮಿನವರು ಪುಟ ತಿರುಗಿಸಿ ತಿರುಗಿಸಿ ನೋಡಿ ಕೇಳಿದರಂತೆ: 'ಏನಪ್ಪಾ, ಇದರಲ್ಲಿ ಇರೋದೆಲ್ಲ ನಿಮ್ಮ ಮುತ್ತಾತಂದು. ನಿನ್ನದೆಲ್ಲಿ?'

'ನಮ್ಮ ಮನೇಲಿ ಹಾಗೇ ಸಾರ್' ಅಂದನಂತೆ ಅವನು. 'ನನ್ನದು ನನ್ನ ಮರಿಮಗನ ರೆಸ್ಯೂಮಿನಲ್ಲಿ ಬರುತ್ತೆ.'

ಖಾಲಿ ಜಾಗ

ಹೀಗೆ ಬೇರೆಯವರದ್ದಕ್ಕೆ ನಗ್ತಾ ಕೂತಿದ್ದವಳಿಗೆ ನಮ್ಮ ಮನೆಯೊಳಗೇ ರೆಸ್ಯೂಮು ನುಗ್ಗಿತು.

ನನ್ನ ಸೊಸೆ ಬಿ.ಕಾಂ. ಓದಿದವಳು. ಮದುವೆಯಾಗಿ ಬಂದು ಆರು ವರ್ಷ. ಮಗು ಸ್ಕೂಲಿಗೆ ಹೋಗೋಕೆ ಶುರುವಾದ ಮೇಲೆ ಒಂದು ದಿನ ಅಟ್ಟದಿಂದ ಸೂಟ್‌ಕೇಸು ಇಳಿಸಿ, ಸರ್ಟಿಫಿಕೇಟು ತೆಗೆದು, ಅದರ ಮೇಲಿನ ಧೂಳನ್ನ ಸೆರಗಿನ ತುದಿಯಲ್ಲಿ ಒರೆಸಿದಳು. ಮಗುವಿನ ಮುಖ ಒರೆಸೋ ಹಾಗೆ. 'ಅತ್ತೆ, ನಾನು ಕೆಲಸಕ್ಕೆ ಹೋಗಲಾ?' ಅಂದಳು. ಆರು ವರ್ಷದಲ್ಲಿ ಅವಳು ನನ್ನನ್ನ ಏನಾದರೂ ಕೇಳಿದ್ದು ಅದೇ ಮೊದಲು. ನನಗೂ ಒಂಥರಾ ಆಯ್ತು. 'ಹೋಗು, ಯಾರು ಬೇಡ ಅಂದರು' ಅಂದೆ.

ಕಡಕೊಳದಲ್ಲಿ ರಟ್ಟಿನ ಡಬ್ಬ ಮಾಡೋ ಒಂದು ಫ್ಯಾಕ್ಟರಿ. ಅದರ ಸ್ಟೋರ್ಸಿನಲ್ಲಿ, ಅಂದರೆ ಸಾಮಾನು ಇಡೋ ಕೋಣೆಯಲ್ಲಿ, ಒಳಗೆ ಬಂದಿದ್ದು ಆಚೆ ಹೋಗಿದ್ದು ನೋಡಿಕೊಳ್ಳೋಕೆ ಒಬ್ಬರು ಬೇಕಾಗಿತ್ತು. ಒಬ್ಬರೇ. ಆಮೇಲೆ ತಿಳಿಯಿತು, ಎದುರುಮನೆಯವಳ ಮಗಳೂ ಅದಕ್ಕೇ ಅರ್ಜಿ ಹಾಕ್ತಿದ್ದಾಳೆ ಅಂತ. ತಗೊಳ್ಳಿ! ಜನ ಹೋದರು, ಜಗಳ ಹೋಯ್ತು, ಬಾಳೆಹಣ್ಣು ಹೋಯ್ತು. ಈಗ ಈ ಕೆಲಸವೂ ಅವಳ ಮನೆಗೇ ಹೋದರೆ ನಾನು ಈ ಕ್ರಾಸಿನಲ್ಲಿ ತಲೆ ಎತ್ತಿಕೊಂಡು ಸೊಪ್ಪು ಬಿಡಿಸೋದು ಹೇಗೆ?

ಬೇರೆ ಗತಿ ಇಲ್ಲದೆ ಸೊಸೆಯನ್ನ ಆ ಕೊಟ್ಟಿಗೆಗೇ ಕರೆದುಕೊಂಡು ಹೋದೆ. ಅಂಗಡಿ ಸೊಸೆ ಟೈಪ್ ಮಾಡ್ತಾ ಮಾಡ್ತಾ ನಿಂತಳು.

'ಮದುವೆ ಆದ ಮೇಲೆ ಆರು ವರ್ಷ ಏನು ಮಾಡಿದ್ರಿ ಅಕ್ಕ? ಇಲ್ಲಿ ಖಾಲಿ ಇದೆ.'

ನನ್ನ ಸೊಸೆಗೆ ಉತ್ತರ ಕೊಡೋಕೆ ನಾನು ಬಿಡ್ತೀನಾ? 'ಏನು ಮಾಡಿದಳು ಅಂದರೇನು? ಮನೆ ನೋಡಿಕೊಂಡಳು.'

'ಅದನ್ನ ಅನುಭವ ಅಂತ ಹಾಕೋಕೆ ಬರಲ್ಲ ಅಜ್ಜಿ. ಇದಕ್ಕೆ ಗ್ಯಾಪ್ ಅಂತಾರೆ. ಕಂಪನಿಯವರು ಮೊದಲು ನೋಡೋದೇ ಇದನ್ನ.'

'ಗ್ಯಾಪಾ? ಆರು ವರ್ಷದಲ್ಲಿ ಅವಳಿಗೆ ಉಸಿರು ಬಿಡೋಕೆ ಗ್ಯಾಪ್ ಸಿಕ್ಕಿದ್ದರೆ ತಾನೆ! ನಾನು ಕೂರೋಕೆ ಬಿಟ್ಟಿದ್ದರೆ ತಾನೆ!'

ನನ್ನ ಸೊಸೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಜಾಗ ಖಾಲಿಯೇ ಉಳಿಯಿತು.

ಕೊನೆಯಲ್ಲಿ ಒಂದು ಸಾಲು ಇತ್ತು. ನಿಮ್ಮನ್ನ ಚೆನ್ನಾಗಿ ಬಲ್ಲವರು, ಆದರೆ ನೆಂಟರಲ್ಲದವರು, ಒಬ್ಬರ ಹೆಸರು ಮತ್ತು ಫೋನ್ ನಂಬರು. ಕಂಪನಿಯವರು ಅವರಿಗೆ ಫೋನ್ ಮಾಡಿ ವಿಚಾರಿಸ್ತಾರಂತೆ. ನನ್ನ ಸೊಸೆ ಎದುರುಮನೆಯವಳ ಹೆಸರು ಕೊಟ್ಟಳು. ಅತ್ತ ಎದುರುಮನೆ ಮಗಳು ಯಾರ ಹೆಸರು ಕೊಟ್ಟಿದ್ದಳು ಗೊತ್ತಾ? ನನ್ನದು!

ಹುಟ್ಟಿದಾಗಿಂದ ಎದುರಿಗಿರೋ ಅಜ್ಜಿ, ನನಗಿಂತ ಚೆನ್ನಾಗಿ ಅವಳನ್ನ ಬಲ್ಲವರು ಯಾರು ಅಂತ. ನನ್ನ ನಾಲಗೆಗೆ ಜನ್ಮದಲ್ಲಿ ಯಾರೂ ಇಂಥಾ ಬಾಡೂಟ ಬಡಿಸಿರಲಿಲ್ಲ.

ಬಾಯಿಗೆ ಬಂದ ಹಾಗೆ

ಫೋನು ಬಂತು. 'ಅಮ್ಮಾ ನಮಸ್ಕಾರ, ಕಡಕೊಳದ ಫ್ಯಾಕ್ಟರಿಯಿಂದ, ಮೇನೇಜರ್ ಮಾತಾಡ್ತಿರೋದು. ನಿಮ್ಮ ಎದುರುಮನೆ ಹುಡುಗಿ ನಿಮ್ಮ ಹೆಸರು ಕೊಟ್ಟಿದ್ದಾರೆ. ಅವರು ಹೇಗೆ, ಸ್ವಲ್ಪ ಹೇಳ್ತೀರಾ?'

ನಾನು ಬಾಗಿಲು ಹಾಕಿಕೊಂಡು, ಒಂದು ಲೋಟ ನೀರು ಕುಡಿದು, ಆರಾಮಾಗಿ ಕೂತೆ.

'ಏನಂತ ಹೇಳಲಿ ಸ್ವಾಮಿ. ನಮ್ಮ ಕಣ್ಣೆದುರಿಗೇ ಬೆಳೆದ ಹುಡುಗಿ, ಕೆಟ್ಟದ್ದು ಹೇಳಬಾರದು. ಆದರೆ ಮಹಾ ಜುಗ್ಗಿ. ತರಕಾರಿ ಗಾಡಿ ಬಂದರೆ ಮೊದಲು ತಕ್ಕಡಿ ತಿರುಗಿಸಿ ನೋಡ್ತಾಳೆ, ಆಮೇಲೆ ತರಕಾರಿ ಮುಟ್ಟೋದು.'

'ಹೌದಾ?' ಅಂದರು.

'ಗ್ಯಾಸ್ ಸಿಲಿಂಡರ್ ತೂಕ ಹಾಕಿಸದೆ ಗೇಟು ದಾಟಿಸಲ್ಲ. ಸಿಲಿಂಡರಿನವನು ಆ ಮನೆ ಅಂದರೆ ನಡುಗ್ತಾನೆ.'

'ಹೌದಾ ಅಮ್ಮ!'

ಅವರಿಗೆ ಗಾಬರಿಯಾಗ್ತಿದೆ ಅಂತ ನನಗೆ ಇನ್ನೂ ಹುರುಪು ಬಂತು. 'ಅನುಮಾನದ ಪ್ರಾಣಿ ಸ್ವಾಮಿ. ಹೆತ್ತ ತಾಯಿಯನ್ನೂ ನಂಬಲ್ಲ. ಮನೇಲಿ ಒಂದು ಹೋಳು ಕಾಯಿ ಕಾಣದೇ ಹೋದರೆ ಯಾರು ತಗೊಂಡರು ಅಂತ ಕಂಡುಹಿಡಿಯೋವರೆಗೂ ಊಟಕ್ಕೆ ಕೂರಲ್ಲ. ಒಂದು ಸಲ ಅವರ ಗಿಡದಲ್ಲಿ ನಾನು ಎರಡು ಎಸಳು ಕರಿಬೇವು ಕಿತ್ತುಕೊಂಡೆ. ಸಾಯಂಕಾಲ ಬಂದು ಕೇಳಿಬುಟ್ಟಳು! ನನ್ನಂಥ ವಯಸ್ಸಾದೋಳು ಅನ್ನೋ ದಾಕ್ಷಿಣ್ಯ ಬೇಡವಾ? ಅವಳಿಗೆ ದಾಕ್ಷಿಣ್ಯ ಅನ್ನೋದೇ ಇಲ್ಲ ಸ್ವಾಮಿ.'

'ಸಾಕು ಅಮ್ಮ, ಸಾಕು' ಅಂದರು ಮೇನೇಜರು. 'ನಮ್ಮ ಸ್ಟೋರ್ಸಿಗೆ ಇಂಥವರೊಬ್ಬರು ಸಿಗಲಿ ಅಂತ ಹರಕೆ ಹೊತ್ತುಕೊಂಡಿದ್ದೆ.'

ಫೋನು ನನ್ನ ಕೈಯಿಂದ ಜಾರಿ ಸೊಪ್ಪಿನ ಮೊರದಲ್ಲಿ ಬಿತ್ತು.

ಎದುರುಮನೆ ಮಗಳು ಕೆಲಸಕ್ಕೆ ಸೇರಿ, ಒಂದು ಡಬ್ಬಿ ಚಿರೋಟಿ ತಂದು ನನ್ನ ಕಾಲಿಗೆ ಬಿದ್ದಳು. 'ಅಜ್ಜಿ, ನಿಮ್ಮ ಮಾತಿಂದಲೇ ಸಿಕ್ಕಿದ್ದು. ಅಮ್ಮನೂ ನಿಮ್ಮ ಸೊಸೆ ಬಗ್ಗೆ ಬಾಯ್ತುಂಬ ಹೊಗಳಿದಳು, ಆದರೂ ಅಕ್ಕಂಗೆ ಯಾಕೋ ಆಗಲಿಲ್ಲ.'

'ಏನಂತ ಹೊಗಳಿದಳು?'

'ಬಂಗಾರದಂಥ ಹುಡುಗಿ, ಯಾರು ಏನು ಕೇಳಿದರೂ ಇಲ್ಲ ಅನ್ನಲ್ಲ, ಸಕ್ಕರೆ ಕಾಫಿಪುಡಿ ಎಲ್ಲ ಕೈಯೆತ್ತಿ ಕೊಟ್ಟುಬಿಡ್ತಾಳೆ, ವಾಪಸ್ ಕೇಳೋದೂ ಇಲ್ಲ ಅಂತ.'

ಸ್ಟೋರ್ಸಿನ ಕೆಲಸಕ್ಕೆ! ಮೇನೇಜರ್ ನಡುಗಿಹೋಗಿರಬೇಕು. ಬೈದು ನಾನು ಅವಳ ಮಗಳನ್ನ ಉದ್ಧಾರ ಮಾಡಿದೆ, ಹೊಗಳಿ ಅವಳು ನನ್ನ ಸೊಸೆಯನ್ನ ಮುಗಿಸಿದಳು.

ವಿಷಯ ಹಬ್ಬಿತು. ಮಾರನೇ ದಿನ ಬೆಳಗ್ಗೆ ಜಗಲಿಗೆ ಬಂದು ನೋಡ್ತೀನಿ, ಬೆಕ್ಕಿಗೆ ಜಾಗ ಇಲ್ಲ. ಕೈಯಲ್ಲಿ ಕಾಗದ ಹಿಡಿದ ಹುಡುಗರು, ಹುಡುಗಿಯರು. 'ಅಜ್ಜಿ, ನಿಮ್ಮ ನಂಬರು ಹಾಕ್ಕೊಳ್ಳಲಾ? ಫೋನ್ ಬಂದರೆ ನನ್ನ ಬಗ್ಗೆಯೂ ಸ್ವಲ್ಪ ಬಾಯಿಗೆ ಬಂದ ಹಾಗೆ ಹೇಳಿ ಅಜ್ಜಿ, ದಮ್ಮಯ್ಯ!'

ನಗುನಗ್ತಾ

ಜನ ವಾಪಸ್ ಬಂದರು, ಸರಿ. ಆದರೆ ನನ್ನ ಸೊಸೆ ಆ ಸರ್ಟಿಫಿಕೇಟನ್ನ ಮತ್ತೆ ಸೂಟ್‌ಕೇಸಿಗೆ ಹಾಕಿ ಅಟ್ಟಕ್ಕೆ ಸೇರಿಸಿದಳು. ಒಂದು ಮಾತು ಆಡಲಿಲ್ಲ. ಆಡಿದ್ದರೆ ನಾನೂ ಎರಡು ಆಡಿ ಹಗುರಾಗ್ತಿದ್ದೆ. ಸುಮ್ಮನೆ ಪಾತ್ರೆ ತೊಳೆಯೋಳು, ನಕ್ಕು ಕಾಫಿ ಕೊಡೋಳು.

ಅಷ್ಟರಲ್ಲಿ ಎದುರುಮನೆ ಮಗಳೇ ಬಂದು ಹೇಳಿದಳು, ಅದೇ ಫ್ಯಾಕ್ಟರಿಯಲ್ಲಿ ಇನ್ನೊಂದು ಜಾಗ ಖಾಲಿಯಾಗಿದೆ ಅಂತ. ಗಿರಾಕಿಗಳ ಕಂಪ್ಲೇಂಟ್ ಕೇಳೋ ಸೀಟಂತೆ. ಸೂಟ್‌ಕೇಸು ಮತ್ತೆ ಅಟ್ಟದಿಂದ ಇಳಿಯಿತು. ಅದೇ ರೆಸ್ಯೂಮು, ಅದೇ ಖಾಲಿ ಜಾಗ, ಕೆಳಗೆ ಅದೇ ಎದುರುಮನೆಯವಳ ನಂಬರು. ನನ್ನ ನಂಬರು ಹಾಕಿಸೋಣ ಅಂದರೆ ಅತ್ತೆ ನೆಂಟರಾಗ್ತಾರಂತೆ, ಬರಲ್ಲವಂತೆ.

ಈ ಸಲ ನಾನು ಎದುರುಮನೆಯವಳನ್ನ ಅವಳ ಪಾಡಿಗೆ ಬಿಡಲಿಲ್ಲ. ಜಗಲಿ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡಿದೆ.

'ನನ್ನ ಸೊಸೆ ಬಜಾರಿ ಅನ್ನು.'

'ಅಯ್ಯೋ ಬಿಡ್ತು ಅನ್ನು ಅಕ್ಕ. ಆ ಮಗು ಎಷ್ಟು ಮೆತ್ತಗಿದೆ!'

'ಮೆತ್ತಗಿದೆ ಅಂದೇ ತಾನೆ ಮೊದಲನೇದನ್ನ ಕೆಡಿಸಿದ್ದು? ಜುಗ್ಗಿ ಅನ್ನು.'

'ಜು...' ಅಂತ ಅಂದು ನಿಲ್ಲಿಸಿದಳು. 'ಬಾಯಿ ಬರಲ್ಲ ಕಣಕ್ಕ.'

'ಕರಿಬೇವು ಕಿತ್ತರೆ ಜಗಳಕ್ಕೆ ಬರ್ತಾಳೆ ಅನ್ನು.'

'ನಿಮ್ಮನೇಲಿ ಕರಿಬೇವಿನ ಗಿಡ ಎಲ್ಲಿದೆ ಅಕ್ಕ?'

ಇಷ್ಟು ಕಾಲ ನನ್ನ ಎದುರಿಗೇ ಇದ್ದಾಳೆ, ಒಂದು ಕೆಟ್ಟ ಮಾತು ಕಲೀಲಿಲ್ಲ ನೋಡಿ ಆ ಹೆಂಗಸು! ನಾನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅದೇ ಮೇನೇಜರು. ನಾನು ಫೋನು ಕಿತ್ತುಕೊಂಡು, ಇಬ್ಬರಿಗೂ ಕೇಳಿಸೋ ಹಾಗೆ ಸ್ಪೀಕರ್ ಒತ್ತಿ, ನಮ್ಮಿಬ್ಬರ ನಡುವೆ ಇಟ್ಟೆ. ನನ್ನ ಸೊಸೆ ಒಳಗಿಂದ ಬಂದು ಹೊಸಿಲ ಹತ್ತಿರ ನಿಂತಳು. ಕೈಯಲ್ಲಿ ಇನ್ನೂ ಪಾತ್ರೆ ಸೋಪಿನ ನೊರೆ.

'ಅಮ್ಮ, ಹುಡುಗಿ ಒಳ್ಳೆಯವರು ಅಂತ ಹೋದ ಸಲವೇ ಹೇಳಿದ್ದಿರಿ' ಅಂದರು ಮೇನೇಜರು. 'ಆದರೆ ಆರು ವರ್ಷ ಎಲ್ಲೂ ಕೆಲಸ ಮಾಡಿಲ್ಲ. ಇದು ಕಷ್ಟದ ಸೀಟು. ಡಬ್ಬ ಹರಿದುಹೋಯ್ತು, ಲೋಡು ಬರಲಿಲ್ಲ ಅಂತ ಬೆಳಗಿಂದ ಸಂಜೆವರೆಗೂ ಜನ ಫೋನಲ್ಲಿ ಕೂಗಾಡ್ತಾರೆ, ಬಾಯಿಗೆ ಬಂದ ಹಾಗೆ ಬೈತಾರೆ. ಇದುವರೆಗೂ ಕೂತವರೆಲ್ಲ ಅತ್ತುಕೊಂಡು ಎದ್ದುಹೋದರು. ಅನುಭವ ಇಲ್ಲದ ಇವರು ತಡ್ಕೋತಾರಾ?'

ನಾನು ಎದುರುಮನೆಯವಳ ತೊಡೆ ಚಿವುಟಿ, 'ಬಜಾರಿ ಅನ್ನು, ಬಜಾರಿ ಅನ್ನು' ಅಂತ ಪಿಸುಗುಟ್ಟಿದೆ.

ಅವಳು ನನ್ನ ಮುಖ ನೋಡಿದಳು. ಹೊಸಿಲಲ್ಲಿ ನಿಂತ ನನ್ನ ಸೊಸೆ ಮುಖ ನೋಡಿದಳು. ಆಮೇಲೆ ಫೋನಿನ ಹತ್ತಿರಕ್ಕೆ ಬಗ್ಗಿದಳು.

'ಅನುಭವ ಇಲ್ಲ ಅಂತ ಯಾರು ಹೇಳಿದ್ದು ಸ್ವಾಮಿ? ನನ್ನ ಮಗಳ ವಿಚಾರ ಕೇಳೋಕೆ ನೀವು ಒಬ್ಬರು ಅಜ್ಜಿಗೆ ಫೋನ್ ಮಾಡಿದ್ದಿರಲ್ಲ, ಜ್ಞಾಪಕ ಇದೆಯಾ?'

'ಅವರನ್ನ ಮರೆಯೋಕಾಗುತ್ತಾ ಅಮ್ಮ!'

'ಇವಳು ಅವರ ಸೊಸೆ ಸ್ವಾಮಿ. ಆರು ವರ್ಷದಿಂದ ಅದೇ ಮನೇಲಿ ಇದ್ದಾಳೆ. ನಗುನಗ್ತಾ ಇದ್ದಾಳೆ.'

'ಸೋಮವಾರದಿಂದ ಬರೋಕೆ ಹೇಳಿ ಅಮ್ಮ' ಅಂದರು ಮೇನೇಜರು. 'ಇಂಟರ್‌ವ್ಯೂ ಏನೂ ಬೇಡ.'

ನನ್ನ ಸೊಸೆ ನೊರೆ ಕೈಯಲ್ಲೇ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅಳ್ತಿದ್ದಾಳೆ ಅಂದುಕೊಂಡು ಹೋಗಿ ನೋಡಿದರೆ, ಅಡುಗೆಮನೆ ಗೋಡೆಗೆ ಒರಗಿಕೊಂಡು ನಗ್ತಿದ್ದಾಳೆ. ಆರು ವರ್ಷದಲ್ಲಿ ಅವಳು ಹಾಗೆ ಹಲ್ಲು ಕಾಣೋ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಈಗ ದಿನಾ ಬ್ಯಾಗು ತಗಲಿಸಿಕೊಂಡು ಕಡಕೊಳದ ಬಸ್ಸು ಹತ್ತುತ್ತಾಳೆ. ಎಂಥಾ ಗಿರಾಕಿ ಕೂಗಾಡಿದರೂ ಜಗ್ಗಲ್ಲವಂತೆ. 'ಇವರೆಲ್ಲ ಏನು ಮಹಾ' ಅಂತಾಳಂತೆ.

ಕೆಲಸ ಸಿಕ್ಕಿದ್ದು ನನ್ನ ಸೊಸೆಗೆ, ಸಿಕ್ಕಿದ್ದೂ ನನ್ನಿಂದಲೇ, ಸಂತೋಷ. ಆದರೆ ಅಂಥಾ ಮಾತು, ನನ್ನ ವಿಷಯದಲ್ಲೇ, ನನ್ನ ಜಗಲಿ ಮೇಲೇ ಕೂತುಕೊಂಡು, ಒಂದು ಬೈಗುಳ ಬಾರದ ಆ ಹಾಲಿನವಳ ಬಾಯಲ್ಲಿ ಬಂದುಬುಡ್ತಲ್ಲ, ನನಗ್ಯಾಕೆ ಹೊಳೀಲಿಲ್ಲ? ಆ ಹೊಟ್ಟೆಯುರಿಗೆ ಇವತ್ತಿಗೂ ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಕುಡೀಬೇಕು ನಾನು. ಅದನ್ನೂ ಅವಳೇ ಕಳಿಸ್ತಾಳೆ.